ನಿಮಗೇನ ಅನಸ್ತೈತ್ರಿ?

“ಮೊದಲ ಆ ಪೆನ್ನು ಕೊಟ್ಟುಬಿಡ್ರಿ!”

ಶೈಸ್ತಾಳ ದನಿ ಎಷ್ಟು ಜೋರಾಗಿತ್ತೆಂದರೆ, ಮೂಲೆಯಲ್ಲಿ ತಲೆ ತಗ್ಗಿಸಿ ಲೆಕ್ಕ ಮಾಡುತ್ತಿದ್ದವರೂ ತಿರುಗಿ ನೋಡಿದರು.

ಲೆಕ್ಕ ಕಲಿಯಲು ಬಂದ ಹುಡುಗಿಯ ಪಕ್ಕ ಪೆನ್ನು ಹಿಡಿದು ಕೂತಿದ್ದ ಹುಡುಗ ಹಿಂದೆ ಮುಂದೆ ನೋಡಿದ. ಇಸ್ತ್ರಿ ಮಾಡಿದ ನೀಲಿ ಅಂಗಿ, ಎತ್ತರದ ನಿಲುವು, ತನಗೆ ಯಾರಾದರೂ ಹೀಗೆ ಗದರಬಹುದು ಎಂದು ಕನಸಿನಲ್ಲೂ ಎಣಿಸಿರದ ಮುಖ!

“ನನಗೇನ್ರೀ?”

“ನಿಮಗ ರೀ. ಆ ಪೆನ್ನು ಅಕಿದು. ಅಕಿ ಕೈಯಾಗ ಕೊಡ್ರಿ.”

“ಅಕಿಗೆ ಲೆಕ್ಕ ಬರಲಿಲ್ಲ, ನಾ ಮಾಡಿ ತೋರಿಸಿದೆ. ಉತ್ತರ ಸರಿ ಐತಿ. ಬೇಕಾರ ನೋಡ್ರಿ.”

“ಉತ್ತರ ಸರಿನೇ ಐತಿ. ಆದ್ರ ಅದು ನಿಮ್ಮ ಉತ್ತರ. ಪರೀಕ್ಷಾದಾಗ ಅಕಿ ಬಾಜೂಕ ನೀವ ಬಂದು ಕುಂಡರ್ತೀರೇನು?”

ಕೋಣೆಯಲ್ಲಿ ಕಿಸಕ್ಕನೆ ನಗು ಹೊಮ್ಮಿತು. ಹುಡುಗನ ಕಿವಿ ಕೆಂಪಾಯಿತು. ಆದರೂ ಅವನು ಎದ್ದು ಹೋಗಲಿಲ್ಲ. ಪೆನ್ನನ್ನು ಆ ಹುಡುಗಿಯ ಮುಂದಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

“ಆತು ರೀ ಮೇಡಂ. ಈಗ ಹೇಳ್ರಿ, ಏನ್ ಮಾಡ್ಲಿ?”

‘ಅಬ್ಬಾ, ಧಿಮಾಕು ನೋಡು ಇವನದು!’ ಎಂದುಕೊಂಡಳು ಶೈಸ್ತಾ. ಎಂದುಕೊಂಡ ಮೇಲೂ ಇನ್ನೊಮ್ಮೆ ಅವನ ಮುಖ ನೋಡಿದಳು. ಅದು ಬೇಕಿರಲಿಲ್ಲ, ಆದರೂ ನೋಡಿದಳು.

ಹಳಿಯಾಳದ ಆ ಕಾಲೇಜಿನ ಕೆಳ ಅಂತಸ್ತಿನಲ್ಲಿ, ಗ್ರಂಥಾಲಯದ ಪಕ್ಕದ ಉದ್ದನೆಯ ಕೋಣೆಯೇ ಕಲಿಕಾ ನೆರವು ಕೇಂದ್ರ. ಪಾಠ ತಲೆಗೆ ಹತ್ತದ ಡಿಗ್ರಿ ಮಕ್ಕಳು ಇಲ್ಲಿಗೆ ಬರುತ್ತಾರೆ. ಅವರಿಗೆ ಹೇಳಿಕೊಡುವವರು ಪ್ರೊಫೆಸರುಗಳಲ್ಲ, ಅವರಿಗಿಂತ ಒಂದೆರಡು ವರ್ಷ ಮುಂದಿರುವ ಡಿಗ್ರಿ ವಿದ್ಯಾರ್ಥಿಗಳೇ. ಹಾಗೆ ಹೇಳಿಕೊಡುವವರನ್ನು ಎಲ್ಲರೂ ‘ಟ್ಯೂಟರ್’ ಎನ್ನುತ್ತಾರೆ. ಆ ಟ್ಯೂಟರ್‌ಗಳನ್ನು ತಿದ್ದಿ ತೀಡುವ ಕೆಲಸ ಎಂ.ಎಸ್ಸಿ., ಎಂ.ಕಾಂ. ಓದುವವರದು. ಅವರು ಮೆಂಟರ್‌ಗಳು. ಆ ಮೆಂಟರ್‌ಗಳಿಗೆಲ್ಲ ಮುಖ್ಯಸ್ಥೆ, ದಾಂಡೇಲಿಯ ಅಂಬೇವಾಡಿಯಿಂದ ದಿನವೂ ಬಸ್ಸಿನಲ್ಲಿ ಬರುವ, ಎಂ.ಎಸ್ಸಿ. ಗಣಿತ ಕೊನೆಯ ವರ್ಷದ ಶೈಸ್ತಾ. ಮೆಕ್ಯಾನಿಕ್ ತಾಜುದ್ದೀನನ ಒಬ್ಬಳೇ ಮಗಳು.

ಶೈಸ್ತಾಳ ಕೇಂದ್ರದಲ್ಲಿ ಎರಡೇ ನಿಯಮ. ಪೆನ್ನು ಯಾವಾಗಲೂ ಕಲಿಯುವವರ ಕೈಯಲ್ಲೇ ಇರಬೇಕು. ಕಲಿಯುವವರು ತಡವರಿಸಿದರೆ ಉತ್ತರ ಹೇಳಬಾರದು, “ನಿಮಗೇನ ಅನಸ್ತೈತ್ರಿ?” ಎಂದು ಕೇಳಿ ಬಾಯಿ ಮುಚ್ಚಿ ಕಾಯಬೇಕು.

ಮೊದಲ ದಿನವೇ ಎರಡನ್ನೂ ಮುರಿದ ಮಹಾಶಯ ಅಯಾಜ. ಮುಂಡಗೋಡದ ಭತ್ತದ ವ್ಯಾಪಾರಿಗಳ ಮನೆಯ ಹುಡುಗ, ಎಂ.ಕಾಂ. ಕೊನೆಯ ವರ್ಷ. ಹಳಿಯಾಳದಲ್ಲೇ ರೂಮು ಮಾಡಿಕೊಂಡಿದ್ದ. ಮಾತು ಅಂದರೆ ಮಾತು! ವ್ಯಾಪಾರಸ್ಥರ ಮನೆಯ ನಾಲಿಗೆ, ಒಂದು ಗಳಿಗೆ ಸುಮ್ಮನಿರದು.

“ನೀವು ಮೆಂಟರ್ ಆಗ್ಬೇಕಂದ್ರ ಮೊದಲ ಸುಮ್ನ ಕೂಡೂದು ಕಲೀರಿ,” ಎಂದಿದ್ದಳು ಶೈಸ್ತಾ.

“ಕಲಿಸ್ರಿ, ಕಲೀತೇನಿ,” ಎಂದಿದ್ದ ಅವನು. ನಕ್ಕೇ ಹೇಳಿದ್ದರೂ ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

*

ನಿಜವಾಗಿಯೂ ಕಲಿತ!

ಟ್ಯೂಟರ್‌ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು, ತುಟಿ ಹೊಲಿದವನಂತೆ ಕೂರುವುದನ್ನು ಕಲಿತ. ತಪ್ಪು ಕಣ್ಣಿಗೆ ಕಂಡರೂ ಕೈ ಚಾಚದೆ, ಆ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುವುದನ್ನು ಕಲಿತ. ಆ ಕೈಯನ್ನು ನೋಡಿದಾಗಲೆಲ್ಲ ಶೈಸ್ತಾಳಿಗೆ ನಗು ಉಕ್ಕುತ್ತಿತ್ತು.

ಒಂದು ಭಾನುವಾರ ಟ್ಯೂಟರ್‌ಗಳನ್ನೆಲ್ಲ ಕಟ್ಟಿಕೊಂಡು ಅತ್ತಿವೇರಿ ಪಕ್ಷಿಧಾಮಕ್ಕೆ ಹೋದರು. ಹಕ್ಕಿ ನೋಡುವ ನೆಪ. ಕಾಯುವುದನ್ನು ಕಲಿಸುವುದು ಶೈಸ್ತಾಳ ಒಳಗಿನ ಹಂಚಿಕೆ.

“ಇಲ್ಲಿ ಮಾತಾಡಿದ್ರ ಹಕ್ಕಿ ಹಾರಿ ಹೋಗ್ತೈತಿ. ಅಲ್ಲಿ ಗಡಬಡಿಸಿದ್ರ ಹುಡುಗರ ತಲ್ಯಾಗಿನ ವಿಚಾರ ಹಾರಿ ಹೋಗ್ತೈತಿ. ಎರಡೂ ಒಂದ,” ಎಂದಳು.

ಅಯಾಜ ನೀರಿನ ಅಂಚಿನಲ್ಲಿ ಕುಳಿತ. ಎದುರಿನ ಒಣಗಿದ ಮರದ ಮೇಲೆ ಮಿಂಚುಳ್ಳಿಯೊಂದು ಕೂತಿತ್ತು. ಅದು ಅಲುಗಲಿಲ್ಲ, ಇವನೂ ಅಲುಗಲಿಲ್ಲ. ಗಾಳಿಗೆ ಅವನ ಕೂದಲು ಹಣೆಯ ಮೇಲೆ ಬಿತ್ತು. ಅದನ್ನೂ ಸರಿಸಿಕೊಳ್ಳಲಿಲ್ಲ.

ಎಲ್ಲರೂ ಮಿಂಚುಳ್ಳಿಯನ್ನು ನೋಡುತ್ತಿದ್ದರು. ಶೈಸ್ತಾ ಮಾತ್ರ...

‘ಛೇ! ಏನಾಗೇತಿ ನನಗ?’

ಮಿಂಚುಳ್ಳಿ ನೀರಿಗೆ ಧುಮುಕಿ ಮೀನು ಹಿಡಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಅಯಾಜ ತಿರುಗಿ ನೇರ ಅವಳ ಕಣ್ಣನ್ನೇ ನೋಡಿದ. “ಪಾಸ್ ಆದೆ ಏನ್ರೀ?”

“ಇನ್ನೂ ಇಲ್ಲ,” ಎಂದಳು. ಆದರೆ ಅವನು ಮುಂಡಗೋಡದ ಟಿಬೆಟಿಯನ್ ಕಾಲೊನಿಯಿಂದ ಕಟ್ಟಿಸಿ ತಂದಿದ್ದ ಮೊಮೊದಲ್ಲಿ ಎರಡು ಹೆಚ್ಚೇ ತಿಂದಳು.

ಆಮೇಲೆ ಶುರುವಾದದ್ದು ಕರವಸ್ತ್ರದ ಕಥೆ.

ಸಂಜೆ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ದಾಂಡೇಲಿ ಬಸ್ಸು ಬಂತೆಂದರೆ ಯುದ್ಧವೇ. ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಚೀಲ, ಟವೆಲ್, ಟೋಪಿ, ಏನಾದರೊಂದು ಒಳಗೆ ಬೀಳಬೇಕು. ಯಾರದು ಮೊದಲು ಬಿತ್ತೋ ಅವರದು ಸೀಟು. ಒಂದು ಸಂಜೆ ಶೈಸ್ತಾ ಹೇಗೋ ನುಗ್ಗಿ ಬಸ್ಸು ಹತ್ತಿದಾಗ, ಕಿಟಕಿಯ ಪಕ್ಕದ ಸೀಟಿನಲ್ಲಿ ಬಿಳಿ ಕರವಸ್ತ್ರವೊಂದು ಬಿದ್ದಿತ್ತು. ಕೆಳಗೆ ನಿಂತಿದ್ದ ಅಯಾಜ ಕತ್ತೆತ್ತಿ, “ಕುಂಡ್ರಿ ಕುಂಡ್ರಿ, ನಿಮ್ಮ ಸೀಟು,” ಎಂದ.

“ನೀವು ಎಲ್ಲಿಗೆ ಹೊಂಟೀರಿ?”

“ನನ್ನ ರೂಮಿಗೆ. ನಡಕೊಂಡ ಹೋಗ್ತೇನಿ.”

ಬಸ್ಸಿನಲ್ಲಿ ಹೋಗದವನು ಅಂದಿನಿಂದ ದಿನವೂ ಬಂದು ಬಸ್ಸಿಗೆ ಕರವಸ್ತ್ರ ಹಾಕುತ್ತಿದ್ದ! ಅವಳು ಅದನ್ನು ಒಗೆದು, ಮಡಿಸಿ, ಮರುದಿನ ಬೆಳಿಗ್ಗೆ ತಂದುಕೊಡುತ್ತಿದ್ದಳು. ಸಂಜೆ ಅದೇ ಕರವಸ್ತ್ರ ಮತ್ತೆ ಕಿಟಕಿಯೊಳಗೆ ಹಾರುತ್ತಿತ್ತು. ಪ್ರೀತಿ ಎಂಬ ಪದವನ್ನು ಇಬ್ಬರಲ್ಲಿ ಯಾರೂ ಆಡಲಿಲ್ಲ. ಕಂಡಕ್ಟರ್ ಬಸಲಿಂಗಯ್ಯನಿಗೆ ಎಂದೋ ಗೊತ್ತಾಗಿತ್ತು, ಈ ಇಬ್ಬರು ಬುದ್ಧಿವಂತರಿಗೆ ಮಾತ್ರ ಬಾಯಿ ಬಂದಿರಲಿಲ್ಲ.

*

ಶೈಸ್ತಾಳ ಮನೆಯ ಮಾತು ಉರ್ದುವಾದರೂ, ಮಗಳನ್ನು ಗಟ್ಟಿಯಾಗಿ ವಿಚಾರಿಸಿಕೊಳ್ಳಲು ತಾಯಿ ಮದೀನಾಬಿಗೆ ಕನ್ನಡವೇ ಬೇಕು.

“ಹುಬ್ಬಳ್ಳಿಯಿಂದ ಒಂದ ಸಂಬಂಧ ಬಂದೈತಿ. ಹುಡುಗ ಚೊಲೊ ಅದಾನ, ಟೈಲ್ಸ್ ಅಂಗಡಿ ಐತಿ. ಬರೂ ಐತವಾರ ಬರ್ತೇವಿ ಅಂತಾರ. ನಿನ್ನ ಮನಸ್ಸಿನಾಗ ಯಾರರ ಇದ್ರ ಈಗ ಹೇಳು. ಆಮ್ಯಾಲ ಅತ್ತು ಕರದು ಮಾಡಬ್ಯಾಡ.”

ಶೈಸ್ತಾ ಮನಸ್ಸಿನಲ್ಲೇ ಅಂದುಕೊಂಡಳು. ‘ಅದಾನ ಅಮ್ಮಿ, ಒಬ್ಬಾಂವ ಅದಾನ... ಆದ್ರ ಅವನ ಮನಸ್ಸಿನಾಗ ನಾ ಅದೀನೋ ಇಲ್ಲೋ?’

“ಎರಡ ದಿನ ಕೊಡು, ಹೇಳ್ತೇನಿ,” ಎಂದಳು.

ಮರುದಿನ ಸಂಜೆ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯ ಮುಂದೆ ನಿಂತು ಅವನಿಗೆ ಎಲ್ಲವನ್ನೂ ಹೇಳಿದಳು. ಹುಬ್ಬಳ್ಳಿ, ಟೈಲ್ಸ್, ಭಾನುವಾರ. ಹೇಳಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

“ಅಮ್ಮಿಗೆ ನಾ ಏನಂತ ಹೇಳ್ಲಿ, ಅಯಾಜ್?”

ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. ಚಹಾದ ಲೋಟವನ್ನು ಕೆಳಗಿಟ್ಟು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ನಿಮಗೇನ ಅನಸ್ತೈತ್ರಿ?”

ಶೈಸ್ತಾ ದಂಗಾದಳು. ಇದು... ಇದು ತಾನೇ ಕಲಿಸಿದ ಪ್ರಶ್ನೆಯಲ್ಲವೇ! ಲೆಕ್ಕ ಬಾರದ ಮಕ್ಕಳಿಗೆ ಕೇಳುವ ಪ್ರಶ್ನೆ! ಅವನು ಕೇಳಿ, ಅವಳೇ ಕಲಿಸಿದಂತೆ, ಬಾಯಿ ಮುಚ್ಚಿ ಕಾಯುತ್ತಿದ್ದ.

‘ನಾನೂ ಇವನಿಗೆ ಒಬ್ಬ ಸ್ಟೂಡೆಂಟ್ ಅಷ್ಟನಾ? ಬೇಕಂದಿದ್ರ ಬೇಕು ಅಂತಿದ್ದ. ಬ್ಯಾಡಾಗೇತಿ, ಅದಕ್ಕ ಈ ನಾಜೂಕು...’

“ನನಗ ಏನ್ ಅನಸ್ತೈತೋ ಅದನ್ನ ಮನ್ಯಾಗ ಹೇಳ್ಕೋತೇನಿ. ತ್ರಾಸ ಕೊಟ್ಟೆ, ತಪ್ಪ ತಿಳ್ಕೋಬ್ಯಾಡ್ರಿ,” ಎಂದವಳೇ ಬಸ್ಸಿನತ್ತ ನಡೆದಳು.

ಅವತ್ತೂ ಕಿಟಕಿಯ ಸೀಟಿನಲ್ಲಿ ಅವನು ಮೊದಲೇ ಎಸೆದಿದ್ದ ಬಿಳಿ ಕರವಸ್ತ್ರವಿತ್ತು. ಶೈಸ್ತಾ ಅದರ ಮೇಲೆ ಕೂರಲಿಲ್ಲ. ಕಂಬಿ ಹಿಡಿದು ದಾಂಡೇಲಿಯವರೆಗೂ ನಿಂತೇ ಹೋದಳು.

“ಸೀಟು ಖಾಲಿ ಐತಲ್ಲವ್ವಾ,” ಎಂದ ಬಸಲಿಂಗಯ್ಯ.

“ಅದು ನನ್ನದಲ್ರೀ,” ಎಂದಳು. ತಾಜುದ್ದೀನನ ಮಗಳು ತುಂಬಿದ ಬಸ್ಸಿನಲ್ಲಿ ಅಳುವವಳಲ್ಲ.

ಮನೆಗೆ ಬಂದವಳೇ ಚಪ್ಪಲಿ ಬಿಡುತ್ತ ಹೇಳಿದಳು. “ಅಮ್ಮಿ, ಹುಬ್ಬಳ್ಳಿಯವರಿಗೆ ಬರಾಕ ಹೇಳು.”

ಮದೀನಾಬಿ ಮಗಳ ಮುಖವನ್ನು ಒಂದು ಕ್ಷಣ ದಿಟ್ಟಿಸಿದಳು. “ಖರೇನ?”

“ಖರೇನ.”

*

ಶನಿವಾರ ಕೇಂದ್ರದಲ್ಲಿ ಜ್ಯೋತಿಯ ಸರದಿ. ಬಿ.ಕಾಂ. ಮೂರನೆಯ ವರ್ಷದ ಜ್ಯೋತಿ ಹೊಸ ಟ್ಯೂಟರ್. ಅವಳ ಪಾಠವನ್ನು ಇಬ್ಬರು ಮೆಂಟರ್‌ಗಳು ಕೂತು ನೋಡಬೇಕೆಂಬುದು ವಾಡಿಕೆ. ಆ ಇಬ್ಬರು ಯಾರೆಂದು ಬೇರೆ ಹೇಳಬೇಕೆ? ಎರಡು ಕುರ್ಚಿ, ನಡುವೆ ಒಂದು ಮೊಳ ಜಾಗ. ಶೈಸ್ತಾ ಅವನತ್ತ ತಿರುಗಲಿಲ್ಲ. ಅಯಾಜನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ಹಾಗೆಂದು ಅವಳಿಗೆ ಗೊತ್ತಾದದ್ದಾದರೂ ಹೇಗೆ? ತಿರುಗಲಿಲ್ಲ ಎಂದಷ್ಟೇ ಹೇಳಿದೆ, ನೋಡಲಿಲ್ಲ ಎಂದಲ್ಲ.

ಜ್ಯೋತಿಯ ಮುಂದೆ ಕೂತವಳು ಜೋಯಿಡಾದ ಹಳ್ಳಿಯಿಂದ ಬಂದ ರೂಪಾಲಿ, ಮೊದಲ ವರ್ಷದವಳು. ಸಂಖ್ಯಾಶಾಸ್ತ್ರದ ಲೆಕ್ಕ. ಸರಾಸರಿ ತೆಗೆಯುವ ಸೂತ್ರದಲ್ಲಿ Σ ಎಂಬ ಚಿಹ್ನೆಯ ಹತ್ತಿರ ಅವಳ ಪೆನ್ನು ನಿಂತುಬಿಟ್ಟಿತು.

“ಅಕ್ಕಾ, ಇದೇನಿದು?”

“ನಿನಗೇನ ಅನಸ್ತೈತಿ?” ಎಂದಳು ಜ್ಯೋತಿ, ಕಲಿಸಿದ್ದನ್ನು ಚಾಚೂ ತಪ್ಪದೆ.

“ಗೊತ್ತಿಲ್ಲಕ್ಕಾ.”

ಜ್ಯೋತಿ ಕಾದಳು. “ವಿಚಾರ ಮಾಡು. ಏನಿರಬಹುದು?”

“ಗೊತ್ತಾಗವಲ್ದು...”

“ಚೂರು ನೋಡು. ನೋಡಿದ್ರ ಏನ್ ಅನಸ್ತೈತಿ?”

ರೂಪಾಲಿಯ ತುಟಿ ಅದುರಿತು. ಪೆನ್ನು ಕೆಳಗೆ ಬಿತ್ತು.

“ಹೆಂಗ ಗೊತ್ತಾಗ್ಬೇಕಕ್ಕಾ ನನಗ? ಯಾರೂ ಹೇಳೇ ಇಲ್ಲ! ನಿಮಗ ಗೊತ್ತೈತಿ, ಗೊತ್ತಿದ್ದೂ ಹೇಳವಲ್ರಿ. ಬರೇ ಕೇಳ್ತೀರಿ. ನಾ ನಿಮಗ ಬ್ಯಾಡಾಗಿದ್ರ ಬ್ಯಾಡ ಅಂತ ಹೇಳಿಬಿಡ್ರಿ, ಹೋಗ್ತೇನಿ!”

ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಶೈಸ್ತಾಳಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಈ ಮಾತು... ಇದೇ ಮಾತನ್ನು ತಾನು ಕಂಬಿ ಹಿಡಿದು ದಾಂಡೇಲಿಯವರೆಗೂ ಮನಸ್ಸಿನಲ್ಲಿ ಆಡುತ್ತ ಹೋಗಿದ್ದಳಲ್ಲ!

ಪಾಠದ ನಡುವೆ ಮೆಂಟರ್ ಬಾಯಿ ಬಿಡಬಾರದು. ಮೆಂಟರ್‌ಗಳಿಗೆ ಅದನ್ನು ಕಲಿಸಿದವಳೂ ಅವಳೇ. ಆದರೂ ಶೈಸ್ತಾ ಕುರ್ಚಿಯನ್ನು ಮುಂದಕ್ಕೆಳೆದು ರೂಪಾಲಿಯ ಪಕ್ಕ ಕುಳಿತಳು.

“ಅಳಬ್ಯಾಡ. ಇದು ಗ್ರೀಕ್ ಅಕ್ಷರ. ಇದರ ಮುಂದ ಏನೇನ ಐತೋ ಎಲ್ಲಾ ಕೂಡಿಸು ಅಂತ ಅರ್ಥ. ಅಷ್ಟ.”

ರೂಪಾಲಿ ಬೆರಳ ಸಂದಿಯಿಂದ ನೋಡಿದಳು. “ಇಷ್ಟನಾ?”

“ಇಷ್ಟನ.”

ಹುಡುಗಿ ಮೂಗೊರೆಸಿಕೊಂಡು ಪೆನ್ನು ಎತ್ತಿಕೊಂಡಳು. ಆಮೇಲೆ ಯಾರೂ ಏನೂ ಹೇಳಬೇಕಾಗಲಿಲ್ಲ. ಕೂಡಿಸಿದಳು, ಭಾಗಿಸಿದಳು, ಉತ್ತರದ ಕೆಳಗೆ ಎರಡು ಗೆರೆ ಎಳೆದು ನಗುತ್ತ ಎದ್ದು ಹೋದಳು.

ಜ್ಯೋತಿಯ ಮುಖ ಬಾಡಿತ್ತು. “ನೀವ ಹೇಳಿದ್ರಲ್ಲಕ್ಕಾ, ಉತ್ತರ ಹೇಳಬಾರ್ದು ಅಂತ? ನಾ ಹಂಗ ಮಾಡಿದೆ.”

“ತಪ್ಪು ನಿಂದಲ್ಲ, ಜ್ಯೋತಿ. ನಾ ಅರ್ಧಾ ಕಲಿಸಿದೆ.” ಶೈಸ್ತಾ ನಿಧಾನವಾಗಿ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ತಿಳಿಯುತ್ತ ಹೋಯಿತು. “ವಿಚಾರ ಮಾಡಿ ತಾವ ಹುಡುಕಬಹುದಾದ್ದನ್ನ ಕೇಳ್ಬೇಕು. ಆದ್ರ ಕೆಲವು ಇರ್ತಾವ, ಎಷ್ಟ ತಲಿ ಕೆಡಿಸಿಕೊಂಡ್ರೂ ತಿಳಿಯೂದಿಲ್ಲ. ಗೊತ್ತಿದ್ದವರು ಹೇಳಿದ್ರಷ್ಟ ಗೊತ್ತಾಗೂದು. ಅಂಥದ್ದನ್ನ ಕೇಳ್ಕೋತ ಕುಂಡ್ರಬಾರ್ದು... ಹೇಳಿಬಿಡ್ಬೇಕು.”

ಜ್ಯೋತಿ ಒಮ್ಮೆ ಶೈಸ್ತಾಳನ್ನು ನೋಡಿದಳು, ಒಮ್ಮೆ ಅಯಾಜನನ್ನು. ಹುಡುಗಿ ಚುರುಕು. ಚೀಲ ಹೆಗಲಿಗೇರಿಸಿ, “ನನಗ ಬಸ್ಸೈತಿ, ಬರ್ತೇನಿ,” ಎಂದು ಬಾಗಿಲು ದಾಟಿದಳು. ಜ್ಯೋತಿಯ ಮನೆ ಹಳಿಯಾಳದಲ್ಲೇ, ಕಾಲೇಜಿನ ಹಿಂದಿನ ಓಣಿಯಲ್ಲಿ!

ಅಯಾಜ ಎದ್ದು ನಿಂತ. “ಶೈಸ್ತಾ, ನಾ ಒಂದ ಮಾತು...”

“ಮೊದಲ ನಾ ಹೇಳ್ತೇನಿ.” ಶೈಸ್ತಾ ಕೈಯೆತ್ತಿ ತಡೆದಳು. “ಅವತ್ತು ನಾನೂ ತಪ್ಪ ಮಾಡಿದೆ. ‘ಏನಂತ ಹೇಳ್ಲಿ’ ಅಂತ ನಿಮ್ಮನ್ನ ಕೇಳಿದೆ. ನನ್ನ ಉತ್ತರ ನನ್ನ ಹತ್ರ ಇತ್ತು. ಅದನ್ನ ಮುಚ್ಚಿಟ್ಟು, ನೀವ ಮೊದಲ ಹೇಳ್ರಿ ಅಂತ ಕಾದೆ. ಈಗ ಕೇಳೂದಿಲ್ಲ, ಹೇಳ್ತೇನಿ. ನನಗ ನೀವು ಬೇಕು, ಅಯಾಜ್. ನನಗ ನಿಮ್ಮ ಮ್ಯಾಲ ಪ್ರೀತಿ ಐತಿ. ಅತ್ತಿವೇರ್ಯಾಗ ಎಲ್ಲಾರೂ ಹಕ್ಕಿ ನೋಡಾಕತ್ತಿದ್ರು, ನಾ ನಿಮ್ಮನ್ನ ನೋಡಾಕತ್ತಿದ್ದೆ.”

ಮುಂಡಗೋಡದ ಮಾತುಗಾರ ತೊದಲಿದ!

“ಅಂದ್ರ... ನೀವು... ಹುಬ್ಬಳ್ಳಿ...”

“ಹುಬ್ಬಳ್ಳಿ ಬಿಡ್ರಿ. ನೀವೇನ ಹೇಳಾವ್ರಿದ್ರಿ?”

“ಅವತ್ತ ಬಾಯಾಗ ಬಂದಿತ್ತು, ಬ್ಯಾಡ ಅಂತ ಹೇಳ್ರಿ, ನನ್ನ ಮದುವಿ ಆಗ್ರಿ ಅಂತ. ನುಂಗಿದೆ.” ಅವನ ಕಣ್ಣುಗಳು ತುಂಬಿ ಬಂದವು. “ಮೊದಲ ದಿನ ಒಂದ ಹುಡುಗಿ ಪೆನ್ನು ಕಸ್ಕೊಂಡಿದ್ದಕ್ಕ ನೀವು ಎಷ್ಟ ಬೈದ್ರಿ! ಇದು ಬರೇ ಲೆಕ್ಕಲ್ಲ, ನಿಮ್ಮ ಜೀವನ. ನನ್ನ ಆಸೆ ಹೇಳಿದ್ರ ನಿಮ್ಮ ಕೈಯಾಗಿನ ಪೆನ್ನು ಕಸ್ಕೊಂಡಂಗ ಆಗ್ತೈತಿ ಅಂದ್ಕೊಂಡೆ. ಅದಕ್ಕ ಕೈ ಹಿಂದ ಕಟ್ಕೊಂಡ ನಿಂತೆ. ನೀವು ಬಸ್ಸಿನಾಗ ನಿಂತ ಹೋಗೂದನ್ನ ನೋಡಿ ಸತ್ತಂಗ ಆತು ನನಗ.”

ಶೈಸ್ತಾಳಿಗೆ ಈಗ ಅಳು ತಡೆಯಲಾಗಲಿಲ್ಲ. ಅಳುತ್ತಲೇ ನಕ್ಕಳು. ಇಷ್ಟು ದಿನ ಅವನು ತನ್ನನ್ನು ದೂರವಿಟ್ಟನೆಂದು ಉರಿದಿದ್ದಳು. ಅವನೋ, ಅವಳು ಕಲಿಸಿದ್ದನ್ನು ಅಷ್ಟು ಶ್ರದ್ಧೆಯಿಂದ ಕಲಿತು ಅವಳನ್ನೇ ಕಳೆದುಕೊಳ್ಳಲು ಹೊರಟಿದ್ದ!

“ಹುಚ್ಚಪ್ಪಾ! ನಿಮ್ಮ ಮನಸ್ಸಿನಾಗ ಏನೈತಿ ಅಂತ ನಾ ಹೆಂಗ ಲೆಕ್ಕಾ ಮಾಡಿ ಹುಡುಕ್ಲಿ? ಪೆನ್ನು ನನ್ನ ಕೈಯಾಗ ಇತ್ತು. ನೀವು ಹೇಳೂದೊಂದ ಬಾಕಿ ಇತ್ತು.”

“ಹೇಳ್ತೇನಿ. ನೀನಂದ್ರ ನನಗ ಜೀವ, ಶೈಸ್ತಾ. ಸಾಕಾ? ಇನ್ನೊಮ್ಮೆ ಹೇಳ್ಲಿ?”

“ಹೇಳು,” ಎಂದಳು. ಬಹುವಚನ ಎಲ್ಲಿ ಬಿದ್ದು ಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಅವನು ಹೇಳಿದ, ನಾಳೆಯೇ ತಂದೆ-ತಾಯಿಯನ್ನು ಕರೆತರುತ್ತೇನೆಂದೂ ಹೇಳಿದ. ಅವಳು ಕಣ್ಣೊರೆಸಿಕೊಂಡು ಫೋನು ತೆಗೆದಳು.

“ಅಮ್ಮಿ, ಹುಬ್ಬಳ್ಳಿಯವರಿಗೆ ನಾಳೆ ಬರಬ್ಯಾಡ್ರಿ ಅಂತ ಹೇಳು.”

“ಯಾಕ?” ಆ ಕಡೆಯಿಂದ ಮದೀನಾಬಿಯ ದನಿ ಗುಡುಗಿತು.

“ಮುಂಡಗೋಡದವರು ಬರ್ತಾರ.”

“ಎಷ್ಟ ಮಂದಿ? ಬಿರ್ಯಾನಿಗೆ ಅಕ್ಕಿ ನೆನಸಬೇಕು,” ಎಂದಳು ತಾಯಿ. ಮಗಳ ‘ಖರೇನ’ವನ್ನು ಆ ದಿನವೇ ನಂಬದೆ ಅವಳು ಹುಬ್ಬಳ್ಳಿಗೆ ಇನ್ನೂ ಫೋನೇ ಮಾಡಿರಲಿಲ್ಲ.

*

ಭಾನುವಾರ ಮಧ್ಯಾಹ್ನ ಅಂಬೇವಾಡಿಯ ಆ ಪುಟ್ಟ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಯಾಜನ ತಂದೆ-ತಾಯಿ ಮಿಠಾಯಿ ಡಬ್ಬಿ ಹಿಡಿದು ಬಂದಿದ್ದರು. ಊಟವಾದ ಮೇಲೆ ತಾಜುದ್ದೀನ ಗಂಟಲು ಸರಿಪಡಿಸಿಕೊಂಡು, ಎಲ್ಲರ ಎದುರಿಗೆ ಮಗಳ ಕಡೆ ತಿರುಗಿದ.

“ನಿನಗೇನ ಅನಸ್ತೈತಿ, ಮಗಳ?”

ಅಯಾಜ ಕೆಮ್ಮಿದ. ಶೈಸ್ತಾ ತಲೆ ತಗ್ಗಿಸಲಿಲ್ಲ.

“ನನಗ ಕಬೂಲ್ ಐತಿ, ಅಬ್ಬಾ. ಆದ್ರ ಒಂದು. ಮದುವಿ ಆದ ಮ್ಯಾಲೂ ನಾ ಕಲಸೂದು ಬಿಡಾಂಗಿಲ್ಲ.”

“ಬಿಡು ಅಂತ ಯಾರ ಹೇಳ್ತಾರವ್ವಾ? ಇಂವ ಸುಮ್ನ ಕೂಡೂದು ಕಲತದ್ದ ನಿನ್ನ ಕೈಯಾಗ,” ಎಂದರು ಅಯಾಜನ ತಾಯಿ. ಮನೆ ತುಂಬ ನಗು.

ಸಂಜೆ ಅವರೆಲ್ಲ ಹೊರಟಾಗ ಅಯಾಜ ಬಾಗಿಲಲ್ಲಿ ಚಪ್ಪಲಿ ಮೆಟ್ಟುವ ನೆಪದಲ್ಲಿ ಹಿಂದುಳಿದ. ಶೈಸ್ತಾ ಒಗೆದು ಮಡಿಸಿದ ಬಿಳಿ ಕರವಸ್ತ್ರವನ್ನು ಅವನ ಮುಂದೆ ಹಿಡಿದಳು. ಅವತ್ತು ಬಸ್ಸಿನಲ್ಲಿ ಕೂರದಿದ್ದರೂ, ಇಳಿಯುವಾಗ ಅದನ್ನು ಬಿಟ್ಟು ಬರಲು ಅವಳಿಂದ ಆಗಿರಲಿಲ್ಲ.

“ನಾಳೆ ಸೀಟು ಹಿಡೀಬೇಕಲ್ಲ,” ಎಂದಳು.

“ಹಿಡೀತೇನಿ. ಎರಡ ಸೀಟು ಹಿಡೀತೇನಿ, ನಾನೂ ಬರ್ತೇನಿ,” ಎಂದ. ಆಮೇಲೆ ದನಿ ತಗ್ಗಿಸಿ, “ಶೈಸ್ತಾ, ಇನ್ನ ಮ್ಯಾಲ ನಿನ್ನ ಏನೂ ಕೇಳಾಂಗಿಲ್ಲೇನು?”

“ಚಹಾ ಬೇಕೇನು ಅಂತ ಕೇಳು. ಬ್ಯಾಸರ ಆಗೇತೇನು ಅಂತ ಕೇಳು. ನನ್ನ ಮ್ಯಾಲ ಪ್ರೀತಿ ಐತೇನು ಅಂತ ಮಾತ್ರ ಕೇಳಬ್ಯಾಡ.”

“ಮತ್ತ ಹೆಂಗ ಗೊತ್ತಾಗ್ಬೇಕು?”

“ನಾ ದಿನಾ ಹೇಳ್ತೇನಿ,” ಎಂದಳು ಶೈಸ್ತಾ. “ನೀನೂ ಹೇಳು.”